ಅಯ್ಯೋಪಾಪನವರು ಗೆದ್ದ ಆಟ

ನೀರು ಸರಬರಾಜು ಕಚೇರಿಯಲ್ಲಿ ವರ್ಷಕ್ಕೊಮ್ಮೆ ಒಂದು ಘನಘೋರ ಪ್ರಶ್ನೆ ಎದ್ದು ನಿಲ್ಲುತ್ತಿತ್ತು. ಬರುವ ವರ್ಷ ದೂರಿನ ಕೌಂಟರಿನಲ್ಲಿ ಕೂರುವವರು ಯಾರು? ಎಷ್ಟೋ ಸಾಹೇಬರು ಬಂದರು, ಹೋದರು; ಈ ಪ್ರಶ್ನೆಗೆ ಉತ್ತರ ಕೊಡುವ ಎದೆಗಾರಿಕೆ ಒಬ್ಬರಿಗೂ ಇರಲಿಲ್ಲ. "ನಿಮ್ಮ ನಿಮ್ಮಲ್ಲೇ ತೀರ್ಮಾನ ಮಾಡ್ಕೊಳ್ಳಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡುಬಿಡುತ್ತಿದ್ದರು. ಹಾಗೆ ಅವರವರಲ್ಲೇ ಆಗುವ ತೀರ್ಮಾನ ನಡೆಯುತ್ತಿದ್ದದ್ದು ಕಚೇರಿಯ ಹಿಂದಿನ ಸ್ಟೋರಿನಲ್ಲಿ. ಪೈಪು ತುಂಬಿ ಬಂದ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಸುತ್ತ ನಾಲ್ವರು ಕೂತು ಪೋಕರ್ ಆಡುತ್ತಿದ್ದರು.

ಸರ್ಕಾರಿ ಕಚೇರಿಯಲ್ಲಿ ಜೂಜು ನಿಷಿದ್ಧ. ಆದ್ದರಿಂದ ದುಡ್ಡಿನ ಬದಲು ನಲ್ಲಿಗೆ ಹಾಕುವ ರಬ್ಬರ್ ವಾಷರ್‌ಗಳನ್ನು ಪಂಥ ಕಟ್ಟುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬೊಗಸೆ. ಐದು ಎಲೆ ಹಂಚುತ್ತಾರೆ. ಬೇಡದ್ದನ್ನು ಎಸೆದು ಅಷ್ಟೇ ಹೊಸ ಎಲೆ ಕೇಳಬಹುದು. ಆಮೇಲೆ ವಾಷರ್ ಮುಂದಕ್ಕೆ ತಳ್ಳಬೇಕು. ಎದುರಿನವರು ಅಷ್ಟೇ ತಳ್ಳಿ 'ತೋರಿಸಿ' ಎನ್ನಬಹುದು, ಇಲ್ಲವೇ ಹೆದರಿ ಎಲೆ ಮುಚ್ಚಿಟ್ಟು ಹಿಂದೆ ಸರಿಯಬಹುದು. ಹೆದರಿಸಲು ಗೊತ್ತಿರುವವರಿಗೆ ಕೈಯಲ್ಲಿ ಬರೀ ಕಸವಿದ್ದರೂ ಗೆಲುವು ಸಿಗುತ್ತದೆ. ಮೊದಲು ಯಾರ ವಾಷರ್ ಖಾಲಿಯಾಗುತ್ತದೋ ಅವರಿಗೆ ದೂರಿನ ಕೌಂಟರು. ಆ ಹೊತ್ತಿಗೆ ಯಾರ ಮುಂದೆ ದೊಡ್ಡ ಗುಡ್ಡೆ ಇರುತ್ತದೋ ಅವರಿಗೆ ಸ್ಟೋರು. ಸ್ಟೋರಿನಲ್ಲಿ ಫ್ಯಾನಿದೆ, ಕೈ ಇರುವ ಕುರ್ಚಿಯಿದೆ, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿರುವ ಪೈಪುಗಳು ಮಾತಾಡುವುದಿಲ್ಲ.

ಆಡುವವರು ನಾಲ್ವರಾದರೂ ಫಲಿತಾಂಶ ಪ್ರತಿವರ್ಷ ಒಂದೇ. ಸ್ಟೋರ್‌ಕೀಪರ್ ಸ್ಟೋರ್‌ಕೀಪರಾಗಿಯೇ ಉಳಿಯುತ್ತಿದ್ದರು, ಕ್ಯಾಷಿಯರ್ ಮೇಡಂ ಕ್ಯಾಷಿನಲ್ಲಿ, ಮೀಟರಿನವರು ಮೀಟರಿನಲ್ಲಿ. ದೂರಿನ ಕೌಂಟರಿಗೆ ಮಾತ್ರ ನಮ್ಮ ಅಯ್ಯೋಪಾಪನವರು. ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು, ಆದರೆ ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ನೆನಪಿಗೆ ಬರುತ್ತಿರಲಿಲ್ಲ. ಕೌಂಟರಿಗೆ ಬಂದು ಯಾರು ಏನೇ ಹೇಳಲಿ, ಇವರ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು 'ಅಯ್ಯೋ ಪಾಪ'. ನೀರಿಲ್ಲವೆಂದು ಒಂದು ಅಜ್ಜಿ ಅತ್ತರೆ ಇವರೂ ಅತ್ತುಬಿಡುತ್ತಿದ್ದರು. ಕಂದು ನೀರು ಬರುತ್ತಿದೆ ಎಂದು ಯಾರೋ ಬಾಟಲಿ ತಂದು ತೋರಿಸಿದಾಗ, ಅವರಿಗೆ ಸಮಾಧಾನವಾಗಲೆಂದು ಒಂದು ಗುಟುಕು ಕುಡಿದೂ ನೋಡಿದ್ದರು.

ಇಂಥವರು ಪೋಕರಿನಲ್ಲಿ ಗೆಲ್ಲುವುದುಂಟೇ? ಎಕ್ಕ ಬಂದರೆ ಅವರ ಹುಬ್ಬು ಹಣೆ ಹತ್ತುತ್ತಿತ್ತು. ಜೋಡಿ ಬಂದರೆ ಕಿವಿ ಕೆಂಪಾಗುತ್ತಿತ್ತು. ಏನೂ ಬರದಿದ್ದರೆ 'ಅಯ್ಯೋ' ಎಂದು ಬಾಯಿಬಿಟ್ಟೇ ಹೇಳುತ್ತಿದ್ದರು. ಅವರ ಎಲೆ ಏನೆಂದು ಅವರಿಗಿಂತ ಮೊದಲು ಕ್ಯಾಷಿಯರ್ ಮೇಡಂಗೆ ಗೊತ್ತಾಗುತ್ತಿತ್ತು. ಸೋತ ಮೇಲೆ ಸ್ಟೋರ್‌ಕೀಪರ್ ಅವರ ಹೆಗಲ ಮೇಲೆ ಕೈಯಿಟ್ಟು, "ನೋಡ್ರಿ, ಇಸ್ಪೀಟಿನಲ್ಲಿ ಅದೃಷ್ಟ ಅನ್ನೋದಿಲ್ಲ. ಎಲ್ಲಾ ಕೌಶಲ. ಎಲೆ ಯಾರಿಗೆ ಬೇಕಾದ್ರೂ ಬರುತ್ತೆ, ಆಡೋಕೆ ತಲೆ ಬೇಕು" ಎಂದು ಪ್ರತಿವರ್ಷ ಉಪದೇಶ ಮಾಡುತ್ತಿದ್ದರು. ಅಯ್ಯೋಪಾಪನವರು ತಲೆಯಾಡಿಸಿ ಕೌಂಟರಿಗೆ ಹೋಗಿ ಕೂರುತ್ತಿದ್ದರು.

ಇದರಿಂದ ನಿಜವಾದ ನಷ್ಟವಾಗುತ್ತಿದ್ದದ್ದು ಮನೆಯಲ್ಲಿ. ಊರಿನ ನಲ್ಲಿಗಳ ಕಷ್ಟವನ್ನೆಲ್ಲ ಕೇಳಿ ಮುಗಿಸಿ ಮನೆ ಸೇರುವ ಹೊತ್ತಿಗೆ ಅವರ ಕಿವಿಗಳು ರಜೆ ಹಾಕಿರುತ್ತಿದ್ದವು. "ಏನ್ರೀ, ನಿಮಗೊಂದು ವಿಷಯ ಹೇಳ್ಬೇಕು" ಎಂದು ಹೆಂಡತಿ ಎದುರಿಗೆ ಬಂದು ಕೂತರೆ, ಕಣ್ಣು ಅವಳ ಮೇಲೆಯೇ ಇದ್ದರೂ ಮನಸ್ಸು ಯಾವುದೋ ಒಡೆದ ಪೈಪಿನ ಹತ್ತಿರ ಇರುತ್ತಿತ್ತು. ಒಂದು ಸಂಜೆಯಂತೂ ಅವಳು ಇನ್ನೂ ಬಾಯಿ ತೆರೆಯುವಷ್ಟರಲ್ಲಿ, "ನಾಳೆ ಖಂಡಿತ ಫಿಟ್ಟರನ್ನ ಕಳಿಸ್ತೀನಮ್ಮ, ಧೈರ್ಯವಾಗಿರಿ" ಎಂದುಬಿಟ್ಟರು.

ಹೆಂಡತಿ ತಟ್ಟೆ ಎತ್ತುತ್ತಾ ಹೇಳಿದಳು: "ಈ ಸಲ ಹೇಗಾದ್ರೂ ಮಾಡಿ ಆ ಸ್ಟೋರ್ ಗೆದ್ಕೊಂಡು ಬನ್ನಿ. ಪೈಪುಗಳ ಜೊತೆ ಕೂತು ಬಂದ್ರೆ ಸಂಜೆಗೆ ನನ್ನ ಪಾಲಿಗೂ ಒಂದಿಷ್ಟು ಕಿವಿ ಉಳಿದಿರುತ್ತೆ. ನಾನು ಹೇಳ್ಬೇಕಾದದ್ದು ಬೆಟ್ಟದಷ್ಟಿದೆ."

ಅಯ್ಯೋಪಾಪನವರಿಗೆ ಈ ಮಾತು ನಾಟಿತು. ಈ ಸಲ ಗೆಲ್ಲಲೇಬೇಕೆಂದು ಪಣ ತೊಟ್ಟರು. ಆದರೆ ಆಟದ ದಿನ ಬೆಳಿಗ್ಗೆಯೇ ಅವರ ದವಡೆ ಹಲ್ಲು ಕೈಕೊಟ್ಟಿತು. ದಂತವೈದ್ಯರು ಕೀಳಲು ಹೊರಟದ್ದು ಎಡಗಡೆಯದನ್ನು. ಹೇಗೂ ಬಾಯಿ ತೆರೆದಿದ್ದಾರಲ್ಲ ಎಂದು ಬಲಗಡೆಯದನ್ನೂ ಕಿತ್ತರು. ಕೊಟ್ಟ ಚುಚ್ಚುಮದ್ದಿಗೆ ಎರಡೂ ಕೆನ್ನೆ, ತುಟಿ, ಗಲ್ಲ ಎಲ್ಲ ಮರಗಟ್ಟಿದವು. ಹುಬ್ಬೆತ್ತಲು ಹೋದರೆ ಉಳಿದ ಮುಖ ಜೊತೆಗೆ ಬರುತ್ತಿರಲಿಲ್ಲ. ಒಂಟಿಯಾಗಿ ಏನು ಮಾಡುವುದೆಂದು ಹುಬ್ಬೂ ಸುಮ್ಮನಾಯಿತು. "ಮದ್ದು ಇಳಿಯೋದ್ರೊಳಗೆ ಮನೆ ಸೇರ್ಕೊಂಡು ಮಲಗಿಬಿಡಿ, ಆಮೇಲೆ ಸ್ವಲ್ಪ ನೋಯುತ್ತೆ" ಎಂದರು ವೈದ್ಯರು. ದಂತವೈದ್ಯರು 'ಸ್ವಲ್ಪ' ಎಂದರೆ ಎಷ್ಟೆಂದು ಅನುಭವಿಸಿದವರಿಗೆ ಗೊತ್ತು.

ಅಯ್ಯೋಪಾಪನವರ ಪಣ ಅಲ್ಲೇ ಮುರಿದುಬಿತ್ತು. ಹೇಗೂ ಸೋಲುವುದು ಇದ್ದದ್ದೇ. ನಿಧಾನವಾಗಿ ಸೋತು ನೋವು ತಿನ್ನುವುದಕ್ಕಿಂತ ಬೇಗ ಸೋತು ಮನೆಗೆ ಹೋಗುವುದು ಮೇಲು. ಹೀಗೆ ಯೋಚಿಸಿ ಸ್ಟೋರಿಗೆ ಬಂದು ಪೆಟ್ಟಿಗೆಯ ಮುಂದೆ ಕೂತರು. ಎಲೆ ಹಂಚಿದರು. ಅಯ್ಯೋಪಾಪನವರು ಎಲೆಗಳನ್ನು ಎತ್ತಿ ನೋಡುವ ತೊಂದರೆಯನ್ನೂ ತೆಗೆದುಕೊಳ್ಳದೆ, ತಮ್ಮ ಮುಂದಿದ್ದ ವಾಷರ್ ಗುಡ್ಡೆಯನ್ನು ಎರಡೂ ಕೈಯಲ್ಲಿ ಸಾರಾಸಗಟಾಗಿ ಮುಂದಕ್ಕೆ ತಳ್ಳಿದರು.

ಮೂವರೂ ತಲೆಯೆತ್ತಿ ಅವರನ್ನೇ ನೋಡಿದರು.

"ಎಲೆ ನೋಡ್ಲಿಲ್ಲ ನೀವು" ಎಂದರು ಮೀಟರಿನವರು.

ಅಯ್ಯೋಪಾಪನವರು ಉತ್ತರ ಕೊಡಲಿಲ್ಲ. ಕೊಡಲು ತುಟಿ ಒಪ್ಪಬೇಕಲ್ಲ. ಕ್ಯಾಷಿಯರ್ ಮೇಡಂ ಕನ್ನಡಕ ಸರಿಮಾಡಿಕೊಂಡು ಅವರ ಹುಬ್ಬು ನೋಡಿದರು, ಕಿವಿ ನೋಡಿದರು, ಬಗ್ಗಿ ಗಲ್ಲ ನೋಡಿದರು. ಅಷ್ಟು ವರ್ಷ ಸಲೀಸಾಗಿ ಓದುತ್ತಿದ್ದ ಮುಖದಲ್ಲಿ ಈಗ ಒಂದಕ್ಷರವೂ ಕಾಣಲಿಲ್ಲ. "ನನಗ್ಯಾಕೋ ಸರಿ ಕಾಣ್ತಿಲ್ಲ" ಎಂದು ಎಲೆ ಮುಚ್ಚಿಟ್ಟರು. ಮೀಟರಿನವರೂ ಮುಚ್ಚಿಟ್ಟರು. ಸ್ಟೋರ್‌ಕೀಪರ್ ತುಂಬಾ ಲೆಕ್ಕ ಹಾಕಿ, ಕೊನೆಗೆ ಅವರೂ ಮುಚ್ಚಿಟ್ಟರು. ಅಯ್ಯೋಪಾಪನವರು ಗೆದ್ದರು. ಅವರಿಗೆ ಸಿಟ್ಟು ಬಂತು, ಯಾಕೆಂದರೆ ಇದರಿಂದ ಆಟ ಉದ್ದವಾಗುತ್ತದೆ. ಆದರೆ ಆ ಸಿಟ್ಟೂ ಮುಖದ ಮೇಲೆ ಬರಲಿಲ್ಲ.

ಮುಂದಿನ ಆಟದಲ್ಲಿ ಮತ್ತೆ ತಳ್ಳಿದರು. ಮತ್ತೆ ಎಲ್ಲರೂ ಹೆದರಿದರು. ಹೀಗೆ ಒಂದಾದ ಮೇಲೊಂದು ಆಟದಲ್ಲಿ ಅವರು ಸೋಲಲು ಹೋಗುವುದು, ಉಳಿದವರು ಬಿಡದಿರುವುದು ನಡೆಯಿತು. ಕೊನೆಗೆ ಸ್ಟೋರ್‌ಕೀಪರಿಗೆ ಮೂರು ರಾಜರು ಬಂದರು. ಮೂರು ರಾಜರನ್ನು ಕೈಯಲ್ಲಿ ಹಿಡಿದು ಹೆದರಿದರೆ ಇಷ್ಟು ವರ್ಷದ ಉಪದೇಶಕ್ಕೆ ಬೆಲೆ ಏನು? ಇದ್ದಬದ್ದ ವಾಷರನ್ನೆಲ್ಲ ತಳ್ಳಿ, "ತೋರಿಸಿ" ಎಂದರು. ಅಯ್ಯೋಪಾಪನವರು, ಅಬ್ಬ, ಮನೆಗೆ ಹೋಗಬಹುದು ಎಂದುಕೊಂಡು ತಮ್ಮ ಐದೆಲೆಯನ್ನು ಮೊದಲ ಸಲ ತಿರುಗಿಸಿದರು. ಐದೂ ಆಟೀನು. ಒಂದೇ ಬಣ್ಣದ ಐದು ಎಲೆಯ ಮುಂದೆ ಮೂರು ರಾಜರು ಸೇವಕರಿದ್ದ ಹಾಗೆ. ಸ್ಟೋರ್‌ಕೀಪರ್ ಖಾಲಿಯಾದರು, ಆಟ ಮುಗಿಯಿತು. ಸ್ಟೋರ್ ಅಯ್ಯೋಪಾಪನವರದ್ದಾಯಿತು, ದೂರಿನ ಕೌಂಟರ್ ಸ್ಟೋರ್‌ಕೀಪರ್ ಪಾಲಿಗೆ ಬಂತು.

ಇಲ್ಲಿ ಯಾರಾದರೂ ಒಬ್ಬರು 'ಅದೃಷ್ಟ' ಎಂದಿದ್ದರೆ ಕಥೆ ಮುಗಿದುಹೋಗುತ್ತಿತ್ತು. ಆದರೆ ಸ್ಟೋರ್‌ಕೀಪರ್ ಹೇಗೆ ಅಂದಾರು? ಇಸ್ಪೀಟಿನಲ್ಲಿ ಅದೃಷ್ಟವಿಲ್ಲವೆಂದು ವರ್ಷಗಟ್ಟಲೆ ಸಾರಿದವರು. ಅದೃಷ್ಟಕ್ಕೆ ಸೋತೆನೆಂದರೆ ಹಿಂದೆ ಗೆದ್ದದ್ದೂ ಅದೃಷ್ಟವೇ ಇರಬೇಕೆಂದು ಜನ ಆಡಿಕೊಳ್ಳುತ್ತಾರೆ. ಮಾನ ಉಳಿಯಬೇಕಾದರೆ ಸೋತದ್ದು ಒಬ್ಬ ಮಹಾಪಂಡಿತನ ಎದುರಿಗೆ ಆಗಿರಬೇಕು. ಆದ್ದರಿಂದ ಅವರು ಊಟದ ಹೊತ್ತಿನಲ್ಲಿ ನಡುಗುವ ದನಿಯಲ್ಲಿ ಹೇಳಿದರು: "ಇಷ್ಟು ವರ್ಷ ಬೇಕಂತಲೇ ಸೋಲ್ತಿದ್ರು ಆ ಮನುಷ್ಯ. ನಮ್ಮನ್ನೆಲ್ಲ ಅಭ್ಯಾಸ ಮಾಡ್ತಿದ್ರು. ಹುಬ್ಬು ಏರಿಸೋದು, ಕಿವಿ ಕೆಂಪು ಮಾಡ್ಕೊಳ್ಳೋದು, ಅದೆಲ್ಲ ನಾಟಕ. ಏನು ತಾಳ್ಮೆ ಅಂತೀನಿ."

"ಕಿವಿ ಬೇಕಾದಾಗ ಕೆಂಪು ಮಾಡ್ಕೊಳ್ಳೋಕೆ ಆಗುತ್ತಾ?" ಎಂದು ಮೀಟರಿನವರು ಕೇಳಿದರು.

"ಅದೇ ಕೌಶಲ" ಎಂದರು ಸ್ಟೋರ್‌ಕೀಪರ್.

ಅಯ್ಯೋಪಾಪನವರು ಎರಡು ದಿನ ರಜೆ ಮುಗಿಸಿ, ಊತ ಇಳಿಸಿಕೊಂಡು ಬಂದಾಗ ಎಲ್ಲರೂ ಅವರಿಗೆ ದಾರಿ ಬಿಟ್ಟು ನಿಂತರು. ಸತ್ಯ ಹೇಳಲು ಅವರು ಬಾಯಿ ತೆರೆದದ್ದು ನಿಜ. ಆದರೆ ಹುಟ್ಟಿದಾಗಿನಿಂದ ಯಾರೂ ಅವರನ್ನು ಅಂಥ ಕಣ್ಣಿನಲ್ಲಿ ನೋಡಿರಲಿಲ್ಲ. ತೆರೆದ ಬಾಯಿಂದ, "ಹ್ಞಾಂ, ಸ್ವಲ್ಪ ಮನಸ್ಸು ಹತೋಟಿಯಲ್ಲಿಟ್ಕೋಬೇಕು, ಅಷ್ಟೇ" ಎಂಬ ಮಾತು ಬಂತು. ಅಂದಿನಿಂದ ಅವರ ನಡಿಗೆಯೇ ಬದಲಾಯಿತು. ಮೆಟ್ಟಿಲು ಹತ್ತುವಾಗ ಕೈ ಹಿಂದೆ ಕಟ್ಟಿಕೊಳ್ಳತೊಡಗಿದರು.

ಮನೆಯಲ್ಲಿ ಹೆಂಡತಿ ಕಾದಿದ್ದಳು. ಪೈಪುಗಳ ನಡುವೆ ದಿನ ಕಳೆದ ಗಂಡ ಈಗ ಕಿವಿ ತೆರೆದುಕೊಂಡು ಬರುತ್ತಾನೆ ಎಂಬ ಆಸೆ ಅವಳದು. ಆದರೆ ಬಂದವರು ಬಾಯಿ ತೆರೆದುಕೊಂಡು ಬಂದರು.

"ಪೋಕರ್ ಅಂದ್ರೆ ಏನು ಅಂದ್ಕೊಂಡಿದೀಯ? ಎಲೆಯಲ್ಲ ಅದು, ಮುಖ" ಎಂದರು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ. "ಒಳಗಿರೋದು ಹೊರಗೆ ಕಾಣ್ಬಾರ್ದು."

"ನಿಮ್ಮ ಮುಖದಲ್ಲಾ?" ಎಂದಳು ಹೆಂಡತಿ. "ಹೊರಗಡೆ ತಿಂಡಿ ತಿಂದು ಬಂದ ದಿನ ಗೇಟಿನ ಹತ್ರ ಬರುವಾಗ್ಲೇ ನನಗೆ ಗೊತ್ತಾಗುತ್ತೆ."

"ಅದು ನಾನು ಕಾಣಿಸ್ಲಿ ಅಂತ ಬಿಟ್ಟದ್ದು."

"ಸರಿ. ಈಗಲಾದ್ರೂ ನಾನೊಂದು ವಿಷಯ ಹೇಳ್ಲಾ?"

"ಹೇಳು. ಅದಕ್ಕೆ ಮೊದಲು ಆ ಮೂರು ರಾಜರ ಆಟ ಹೇಗಾಯ್ತು ಅಂತ ಹೇಳ್ತೀನಿ, ಕೇಳು."

ಹೆಂಡತಿ ಕೇಳಿದಳು. ಮರುದಿನವೂ ಅದನ್ನೇ ಕೇಳಿದಳು. ಆಮೇಲೆ ಅವಳ ತಮ್ಮ ಬಂದು ಪಕ್ಕದಲ್ಲಿ ಕೂತು, "ಭಾವ, ನನಗೂ ಹೇಳಿಕೊಡಿ" ಎಂದ. ಭಾವ ಕಲ್ಲುಮುಖ ಇಟ್ಟುಕೊಳ್ಳುವುದು ಹೇಗೆಂದು ಪಾಠ ಮಾಡಿದರು. ಭಾವಮೈದ ಅದನ್ನು ಹಾಗೆಯೇ ಒಂದು ಕೆಲಸದ ಸಂದರ್ಶನಕ್ಕೆ ತೆಗೆದುಕೊಂಡು ಹೋದ. ಅವರು ಏನು ಕೇಳಿದರೂ ಇವನ ಮುಖ ಅಲುಗಲಿಲ್ಲ. ಸಂದರ್ಶನ ಮಾಡುವವರು ಗಾಬರಿಯಾಗಿ, ನೀರು ಕುಡಿಸಿ, ಗಾಡಿ ಮಾಡಿ ಮನೆಗೆ ಕಳಿಸಿದರು.

ಇದರಿಂದಲಾದರೂ ಅಯ್ಯೋಪಾಪನವರ ಜಂಬ ಇಳಿಯುತ್ತಿತ್ತೇನೋ. ಅಷ್ಟರಲ್ಲಿ ಅವರ ಕಟ್ಟಡದ ಮಹಡಿಯ ನಲ್ಲಿಯನ್ನು ಯಾರೋ ತೆರೆದಿಟ್ಟು ಟ್ಯಾಂಕೆಲ್ಲ ಖಾಲಿಯಾಯಿತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಎಲ್ಲರನ್ನೂ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದರು. "ಮುಖ ನೋಡಿ ಮನಸ್ಸು ಹೇಳೋರು ನಮ್ಮಲ್ಲೇ ಇದಾರೆ. ಈಗ ತಪ್ಪು ಮಾಡಿದವರು ಸಿಕ್ಕಿಬೀಳ್ತಾರೆ" ಎಂದು ಅಯ್ಯೋಪಾಪನವರನ್ನು ಮುಂದೆ ತಂದು ನಿಲ್ಲಿಸಿದರು. ಅಯ್ಯೋಪಾಪನವರು ಮುಂದೇನು ಮಾಡಬೇಕೆಂದು ತಿಳಿಯದೆ, ಅಪ್ಪಣೆಗಾಗಿ ಹೆಡ್‌ಮಾಸ್ಟರ ಮುಖವನ್ನೇ ನೋಡುತ್ತಾ ನಿಂತರು.

ಹೆಡ್‌ಮಾಸ್ಟರು ಮೊದಲು ನಕ್ಕರು. ಆಮೇಲೆ ಕತ್ತು ಒರೆಸಿಕೊಂಡರು. ಆಮೇಲೆ, "ಕುಂಡಗಳಿಗೆ ನೀರು ಹಾಕೋಕೆ ಹೋಗಿದ್ದೆ. ಫೋನ್ ಬಂತು, ಇಳಿದು ಬಂದೆ. ಮರೆತೇಹೋಯ್ತು. ಸಾಕು, ಹಾಗೆ ನೋಡ್ಬೇಡಿ" ಎಂದರು. ಮೆಟ್ಟಿಲ ಮೇಲಿದ್ದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅಯ್ಯೋಪಾಪನವರಿಗೆ ಅಂದು ಖಾತ್ರಿಯಾಯಿತು: ತಮ್ಮಲ್ಲಿ ಏನೋ ಇದೆ.

ಏನಿದೆಯೋ ಅದು ಅವರನ್ನು ಹುಡುಕಿಕೊಂಡು ಬಂತು. ಕಚೇರಿಗೆ ಹೊಸ ಸಾಹೇಬರು ಬಂದಿದ್ದರು. ಮುಖಭಾವ ಓದುವುದು ಹೇಗೆಂಬ ಬಗ್ಗೆ ಎಲ್ಲೋ ತರಬೇತಿ ಪಡೆದು, ಅದರ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿಕೊಂಡವರು. ದೂರಿನ ಕೌಂಟರಿನಲ್ಲಿ ಜನರ ಬೈಗುಳ ತಿಂದು ಸೊರಗಿದ್ದ ಸ್ಟೋರ್‌ಕೀಪರ್ ಒಂದು ದಿನ ಅವರ ಮುಂದೆ ನಿಂತು ಬಿನ್ನವಿಸಿಕೊಂಡರು: "ಸಾರ್, ಎದುರಿಗಿರೋರ ಮನಸ್ಸು ಓದ್ತಾರೆ, ತಮ್ಮ ಮುಖದಲ್ಲಿ ಏನೂ ತೋರಿಸಲ್ಲ. ಅಂಥ ಪ್ರತಿಭೆ ಅಲ್ಲಿ ಪೈಪುಗಳ ಜೊತೆ ತುಕ್ಕು ಹಿಡೀತಿದೆ. ನನ್ನ ಸ್ವಾರ್ಥ ಏನಿಲ್ಲ. ಕಚೇರಿ ಹಿತಕ್ಕೆ ಹೇಳ್ತಿದೀನಿ."

ಸಾಹೇಬರು ಅಯ್ಯೋಪಾಪನವರನ್ನು ಕರೆಸಿದರು. "ಸೋಮವಾರದಿಂದ ನೀವು ದೂರಿನ ಕೌಂಟರಿಗೆ. ಒಂದು ವರ್ಷಕ್ಕಲ್ಲ, ಕಾಯಂ. ಇನ್ಮುಂದೆ ಆಟಗೀಟ ಏನೂ ಬೇಡ."

ಅಯ್ಯೋಪಾಪನವರ ಕಣ್ಣ ಮುಂದೆ ಹೆಂಡತಿ ಬಂದು ನಿಂತಳು. ಸ್ಟೋರ್ ಸಿಕ್ಕಿ ಇಷ್ಟು ದಿನವಾದರೂ ಅವಳ ಒಂದು ಮಾತನ್ನೂ ಪೂರ್ತಿ ಕೇಳಲಿಲ್ಲವಲ್ಲ ಎಂಬುದು ಆಗ ಹೊಳೆಯಿತು. ಇನ್ನು ಕೇಳುವ ದಾರಿಯೂ ಮುಚ್ಚುತ್ತಿದೆ. ಜಂಬವೆಲ್ಲ ಒಂದೇ ಕ್ಷಣದಲ್ಲಿ ಇಳಿದು, ಸತ್ಯ ಹೊರಗೆ ಬಂತು.

"ಸಾರ್, ನನಗೆ ಆಟವೇ ಬರಲ್ಲ. ಅವತ್ತು ಹಲ್ಲು ಕೀಳಿಸ್ಕೊಂಡು ಬಂದಿದ್ದೆ. ಮುಖ ಮರಗಟ್ಟಿತ್ತು. ಬೇಗ ಸೋತು ಮನೆಗೆ ಹೋಗೋಣ ಅಂತ ವಾಷರ್ ತಳ್ಳಿದೆ. ಬರೀ ಅದೃಷ್ಟ ಸಾರ್."

ಸಾಹೇಬರು ತರಬೇತಿಯಲ್ಲಿ ಕಲಿತಂತೆ ಕಣ್ಣು ಕಿರಿದು ಮಾಡಿ ಅವರ ಮುಖ ನೋಡಿದರು. "ಎಷ್ಟು ಸಹಜವಾಗಿ ಹೇಳ್ತೀರಿ. ತುಟಿ ಕೂಡ ನಡುಗ್ತಿದೆ. ಭೇಷ್."

"ನಿಜವಾಗ್ಲೂ ನಡುಗ್ತಿದೆ ಸಾರ್."

"ಅದೇ ಹೇಳ್ತಿರೋದು ನಾನು. ನಿಜ ಅಂತಲೇ ಅನ್ಸುತ್ತೆ" ಎಂದು ಸಾಹೇಬರು ಮೆಚ್ಚಿ ತಲೆದೂಗಿದರು. ಆದರೂ ನ್ಯಾಯವಂತರು. ಸ್ವಲ್ಪ ಯೋಚಿಸಿ ಹೇಳಿದರು: "ಒಂದು ಕೆಲಸ ಮಾಡೋಣ. ನನ್ನ ಜೊತೆ ಆಡಿ. ನಾನು ಗೆದ್ರೆ ನಿಮ್ಮದು ಅದೃಷ್ಟ ಅಂತ ಒಪ್ಕೊಳ್ತೀನಿ, ಸ್ಟೋರ್ ನಿಮ್ಮದೇ. ನೀವು ಗೆದ್ರೆ ಕೌಂಟರ್."

ಅಯ್ಯೋಪಾಪನವರ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಸೋಲಬೇಕು, ಅಷ್ಟೇ ತಾನೆ? ಇಡೀ ಜೀವಮಾನದಲ್ಲಿ ಅವರಿಗೆ ಅಭ್ಯಾಸವಿದ್ದ ಕೆಲಸವೆಂದರೆ ಅದೊಂದೇ.

ಮಧ್ಯಾಹ್ನ ಸಾಹೇಬರ ಮೇಜಿನ ಮೇಲೆ ಆಟ ಶುರುವಾಯಿತು. ಎರಡು ಗುಡ್ಡೆ ವಾಷರ್, ಸುತ್ತ ನಿಂತ ಮೂವರು. ಮೊದಲ ಆಟದಲ್ಲಿ ಅಯ್ಯೋಪಾಪನವರಿಗೆ ಬಂದದ್ದು ಅಪ್ಪಟ ಕಸ. ಜೋಡಿಯಿಲ್ಲ, ಎಕ್ಕವಿಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಐದೆಲೆ. ಇದಕ್ಕಿಂತ ಚೆನ್ನಾಗಿ ಸೋಲಲು ಸಾಧ್ಯವಿಲ್ಲ ಎಂಬ ಆನಂದಕ್ಕೆ ಅವರ ಹುಬ್ಬು ಹಣೆ ಹತ್ತಿತು, ಕಿವಿ ಕೆಂಪಗೆ ಹೊಳೆಯಿತು. ಸಂತೋಷದಿಂದ ದೊಡ್ಡ ಹಿಡಿ ವಾಷರ್ ತಳ್ಳಿದರು. ಆ ಕಳೆ ನೋಡಿದ ಸಾಹೇಬರು, "ಎಲೆ ಭಾರಿಯಾಗಿದೆ" ಎಂದುಕೊಂಡು ತಮ್ಮದನ್ನು ಮುಚ್ಚಿಟ್ಟರು.

"ಇಲ್ಲ ಸಾರ್, ಏನೂ ಇಲ್ಲ, ನೋಡಿ" ಎಂದು ಅಯ್ಯೋಪಾಪನವರು ಗಾಬರಿಯಿಂದ ಎಲೆ ತಿರುಗಿಸಿ ತೋರಿಸಿದರು.

ಸಾಹೇಬರು ಆ ಕಸವನ್ನು ನೋಡಿದರು. ತಮ್ಮ ಕೈಯಲ್ಲಿದ್ದ ರಾಣಿಯರ ಜೋಡಿಯನ್ನು ನೋಡಿದರು. "ಇದನ್ನ ಹಿಡ್ಕೊಂಡು ನನ್ನನ್ನ ಓಡಿಸಿದ್ರಾ?" ಎಂದರು.

ಎರಡನೇ ಆಟದಲ್ಲಿ ಎರಡು ಜೋಡಿ ಬಂದವು. ಅಯ್ಯೋಪಾಪನವರ ಮುಖ ಬಾಡಿತು. ಇದನ್ನಿಟ್ಟುಕೊಂಡರೆ ಗೆದ್ದುಬಿಡುವ ಅಪಾಯವಿತ್ತು. ಸಾಹೇಬರು ಒಂದೇ ಒಂದು ವಾಷರ್ ತಳ್ಳಿದ್ದಕ್ಕೆ, "ನಾನು ಬಿಟ್ಟೆ ಸಾರ್" ಎಂದು ಎಲೆ ಮುಚ್ಚಿಟ್ಟರು. ಸಾಹೇಬರು ಸಾಹೇಬರಾದ್ದರಿಂದ ಅದನ್ನು ಎತ್ತಿ ನೋಡಿದರು. ಎರಡು ರಾಣಿ, ಎರಡು ಹತ್ತು. ಅವರ ಹಣೆಯ ಮೇಲೆ ಬೆವರು ಮೂಡಿತು. ಎರಡು ಜೋಡಿಯನ್ನು ಸೊಪ್ಪಿನ ದಂಟಿನ ಹಾಗೆ ಎಸೆಯುವವನು, ಎಸೆಯದೆ ಇಟ್ಟುಕೊಂಡಾಗ ಕೈಯಲ್ಲಿ ಏನಿರಬಹುದು?

ಅಲ್ಲಿಂದ ಮುಂದೆ ಅಯ್ಯೋಪಾಪನವರು ಅಳುಮುಖ ಮಾಡಿದರೂ ಸಾಹೇಬರು ಹೆದರಿದರು, ನಕ್ಕರೂ ಹೆದರಿದರು. "ಈ ಸಲ ಪೂರ್ತಿ ಸುಳ್ಳಾಟ ಸಾರ್, ದಮ್ಮಯ್ಯ, ಬಿಡ್ಬೇಡಿ" ಎಂದು ಬೇಡಿಕೊಂಡಾಗ ಇನ್ನೂ ಹೆಚ್ಚು ಹೆದರಿದರು. ವಾಷರ್‌ಗಳು ಮೇಜಿನ ಮೇಲೆ ಒಂದೇ ದಿಕ್ಕಿಗೆ ಹರಿದವು. ಕ್ಯಾಷಿಯರ್ ಮೇಡಂ ಒಬ್ಬರಿಗೆ ಮಾತ್ರ ಏನು ನಡೆಯುತ್ತಿದೆ ಎಂದು ಗೊತ್ತಿತ್ತು, ಯಾಕೆಂದರೆ ಆ ಮುಖ ಮತ್ತೆ ಮೊದಲಿನಂತೆ ಸಲೀಸಾಗಿ ಓದಲು ಬರುತ್ತಿತ್ತು. ಆದರೆ ಪಂಡಿತರ ಮಧ್ಯೆ ಬಾಯಿ ಹಾಕುವುದು ಯಾಕೆಂದು ಸುಮ್ಮನಿದ್ದರು.

ಕೊನೆಗೆ ಸಾಹೇಬರಿಗೆ ಮೂರು ಹತ್ತು ಬಂದವು. ಎಲೆ ಬದಲಿಸುವುದಕ್ಕೂ ಕಾಯದೆ ಉಳಿದಿದ್ದ ವಾಷರನ್ನೆಲ್ಲ ತಳ್ಳಿ ಹಠದಿಂದ ಕೂತರು. ಈ ಸಲವಾದರೂ ದೊಡ್ಡದಾಗಿ ಸೋಲೋಣವೆಂದು ಅಯ್ಯೋಪಾಪನವರೂ ಅಷ್ಟೇ ತಳ್ಳಿದರು. ಅಯ್ಯೋಪಾಪನವರ ಕೈಯಲ್ಲಿ ಎರಡು ಎಕ್ಕ ಇದ್ದವು, ಜೊತೆಗೆ ಕಳಾವರಿನ ಮೂರು ಪುಡಿ ಎಲೆಗಳು. ಎದುರಿಗೇನಿದೆ ಎಂದು ಗೊತ್ತಿಲ್ಲ. ಎಕ್ಕಗಳ ಜೋಡಿಯೇ ಗೆದ್ದುಬಿಟ್ಟರೆ ಗತಿಯೇನು? ಅವರು ಎರಡೂ ಎಕ್ಕಗಳನ್ನು ಕಸದ ಹಾಗೆ ಎಸೆದು, ಪುಡಿ ಎಲೆಗಳನ್ನು ಎದೆಗವಚಿಕೊಂಡು, "ಎರಡು ಕೊಡಿ" ಎಂದರು. ಹೊಸ ಎಲೆ ಬಂದವು. ಅವನ್ನೆತ್ತಿ ನೋಡಿದವರು ಕಣ್ಣು ಮುಚ್ಚಿಕೊಂಡರು.

"ತೋರಿಸಿ" ಎಂದರು ಸಾಹೇಬರು.

"ಬೇಡ ಸಾರ್."

"ತೋರಿಸ್ರಿ."

ಐದೂ ಕಳಾವರ್.

ಸಾಹೇಬರು ಆ ಐದೆಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಅಯ್ಯೋಪಾಪನವರು ಎಸೆದಿದ್ದ ಎಲೆಗಳನ್ನು ತಿರುಗಿಸಿದರು. ಎಕ್ಕ, ಮತ್ತೊಂದು ಎಕ್ಕ. ಅವರು ಎದ್ದು ನಿಂತು ಕೈ ಮುಗಿದರು. "ಎರಡು ಎಕ್ಕ ಎಸೀಬೇಕಾದ್ರೆ ಮುಂದಿನ ಎರಡು ಎಲೆ ಏನು ಬರುತ್ತೆ ಅಂತ ಗೊತ್ತಿರ್ಬೇಕು. ಅದೃಷ್ಟವಂತರು ಹೀಗೆ ಆಡಲ್ಲ."

"ನಾನು ಮೊದಲೇ ಹೇಳಿದ್ನಲ್ಲ ಸಾರ್" ಎಂದರು ಸ್ಟೋರ್‌ಕೀಪರ್, ಸ್ಟೋರಿನ ಬೀಗದಕೈ ಕೇಳಲು ಆಗಲೇ ಕೈ ಚಾಚುತ್ತಾ.

ಆ ಸಂಜೆ ಅಯ್ಯೋಪಾಪನವರು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿ, "ನೀನು ಕೇಳಿದ ಸ್ಟೋರ್ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಎಷ್ಟು ಚೆನ್ನಾಗಿ ಸೋಲೋಕೆ ಹೋದೆ ಗೊತ್ತಾ" ಎಂ‌ದು ತಲೆ ತಗ್ಗಿಸಿದರು. ಹೆಂಡತಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಕೌಂಟರ್ ಎಷ್ಟು ಗಂಟೆಗೆ ತೆಗೀತಾರೆ?" ಎಂದಷ್ಟೇ ಕೇಳಿದಳು.

ಸೋಮವಾರ ಕೌಂಟರ್ ತೆರೆಯುವ ಹೊತ್ತಿಗೆ ಸಾಲು ಬಾಗಿಲು ದಾಟಿತ್ತು. ಒಬ್ಬೊಬ್ಬರ ಕೈಯಲ್ಲೂ ಬಾಟಲಿ, ಮುರಿದ ನಲ್ಲಿ, ತುಕ್ಕು ಹಿಡಿದ ಪೈಪಿನ ತುಂಡು. ಅಯ್ಯೋಪಾಪನವರು ಇಬ್ಬರ ದೂರು ಕೇಳಿ ಕಣ್ಣೊರೆಸಿಕೊಂಡು, "ಮುಂದಿನವರು" ಎಂದು ತಲೆಯೆತ್ತಿದರೆ, ಕಿಂಡಿಯ ಆಚೆ ಹೆಂಡತಿ ನಿಂತಿದ್ದಳು.

"ನೀನಾ? ಮನೇಲಿ ನೀರು ಬರ್ತಿಲ್ವಾ?"

"ನೀರು ಬರ್ತಿದೆ. ನನ್ನ ದೂರು ಬೇರೆ."

"ಇಲ್ಲಿ ನೀರಿನ ದೂರು ಮಾತ್ರ ತಗೊಳ್ಳೋದು" ಎಂದರು ಅಯ್ಯೋಪಾಪನವರು ತಗ್ಗಿದ ದನಿಯಲ್ಲಿ.

ಹಿಂದೆ ಕಂದು ನೀರಿನ ಬಾಟಲಿ ಹಿಡಿದು ನಿಂತಿದ್ದವರು ಮುಂದೆ ಬಗ್ಗಿದರು. "ಹೇಳ್ಲಿ ಬಿಡಿ ಸಾರ್. ನಮ್ಮ ಹಾಗೇ ಸಾಲಲ್ಲಿ ನಿಂತು ಬಂದಿದಾರೆ."

"ನಮ್ಮ ಮನೆಯವರಿಗೆ ಸಂಜೆ ಹೊತ್ತು ಕಿವಿ ಕೇಳಿಸಲ್ಲ" ಎಂದು ಹೆಂಡತಿ ಕಿಂಡಿಯ ಮೇಲೆ ಮೊಳಕೈ ಊರಿದಳು. "ಬೆಳಿಗ್ಗೆ ಇಲ್ಲಿ ಚೆನ್ನಾಗಿ ಕೇಳುತ್ತಂತೆ. ಅದಕ್ಕೆ ಬಂದೆ. ಎಷ್ಟೋ ದಿನದಿಂದ ಒಂದು ವಿಷಯ ಹೇಳ್ಬೇಕಂತಿದ್ದೆ. ನಾನು ಸೈಕಲ್ ಕಲಿತೆ."

ಅಯ್ಯೋಪಾಪನವರು ಕಣ್ಣು ಕಣ್ಣು ಬಿಟ್ಟರು.

"ಮಧ್ಯಾಹ್ನದ ಹೊತ್ತು ಶಾಲೆ ಮೈದಾನದಲ್ಲಿ. ಮೊದಮೊದಲು ಬೇಲಿಗೆ ಬೀಳ್ತಿದ್ದೆ. ಕೆಳಗಿನ ಮನೆಯವರ ಮಗಳು ಹಿಂದೆ ಹಿಡ್ಕೊಂಡು ಓಡ್ತಿದ್ಲು. ಒಂದು ದಿನ ತಿರುಗಿ ನೋಡಿದ್ರೆ ಅವಳು ಎಲ್ಲೋ ದೂರದಲ್ಲಿ ನಿಂತು ನಗ್ತಿದಾಳೆ, ನಾನೊಬ್ಬಳೇ ಹೋಗ್ತಿದೀನಿ. ಅವತ್ತು ಸಂಜೆ ಎಷ್ಟು ಖುಷಿಯಾಗಿ ಹೇಳೋಕೆ ಬಂದೆ ಗೊತ್ತಾ? ಫಿಟ್ಟರನ್ನ ಕಳಿಸ್ತೀನಮ್ಮ ಅಂದ್ರಿ ನೀವು."

ಸಾಲಿನಲ್ಲಿದ್ದವರೆಲ್ಲ ಅಯ್ಯೋಪಾಪನವರನ್ನು ನೋಡಿದರು. ಅವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಎರಡೂ ಒಟ್ಟಿಗೆ ಮುಖಕ್ಕೆ ಬಂದು ಜಾಗಕ್ಕಾಗಿ ಒದ್ದಾಡಿದವು. ಹೆಂಡತಿ ಆ ಮುಖವನ್ನು ನೋಡಿದಳು. ಅವಳಿಗೆ ಬೇಕಾದದ್ದು ಅಲ್ಲಿ ಪೂರ್ತಿ ಇತ್ತು.

"ಇವತ್ತು ಇಲ್ಲಿಗೆ ಹೇಗೆ ಬಂದೆ?" ಎಂದು ಕೇಳಿದರು.

"ಮತ್ತೆ ಹೇಗೆ ಬರ್ತಾರೆ? ಹೊರಗೆ ನಿಲ್ಲಿಸಿದೀನಿ."

ಅಯ್ಯೋಪಾಪನವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಕೌಂಟರಿನ ಬಾಗಿಲು ತೆರೆದು ಸೀದಾ ಅಂಗಳಕ್ಕೆ ನಡೆದರು. ದೂರು ಕೇಳುವವರೇ ಹೊರಟಮೇಲೆ ಉಳಿದವರು ಅಲ್ಲಿ ನಿಂತು ಮಾಡುವುದೇನು? ಬಾಟಲಿ, ನಲ್ಲಿ, ಪೈಪಿನ ತುಂಡುಗಳ ಸಮೇತ ಇಡೀ ಸಾಲು ಅವರ ಹಿಂದೆಯೇ ಹೊರಟಿತು. ಹೆಂಡತಿ ಸೈಕಲ್ ಹತ್ತಿ ಅಂಗಳದಲ್ಲಿ ಒಂದು ಸುತ್ತು ಹಾಕಿದಳು. ಎರಡನೆಯ ಸುತ್ತಿನಲ್ಲಿ ಒಂದು ಕೈ ಬಿಟ್ಟಳು. ಕಂದು ನೀರಿನವರು ಬಾಟಲಿ ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದರು. "ಹಿಂದೆ ಕೂತ್ಕೊಳ್ಳಿ, ಉಳಿದದ್ದೂ ಹೇಳ್ತೀನಿ" ಎಂದು ಅವಳು ಕರೆದಾಗ, ಅಯ್ಯೋಪಾಪನವರು ಓಡಿಹೋಗಿ ಕ್ಯಾರಿಯರ್ ಮೇಲೆ ಕೂತರು.

ಅದೇ ಹೊತ್ತಿಗೆ ಸಾಹೇಬರು ಹೊಸ ಏರ್ಪಾಟು ಹೇಗೆ ನಡೆಯುತ್ತಿದೆ ಎಂದು ನೋಡಲು ಇಳಿದು ಬಂದರು. ಕೌಂಟರಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಬೆಂಚು ಖಾಲಿ, ಕಿಂಡಿ ಖಾಲಿ. ಸಾಹೇಬರು ಕೈಗಡಿಯಾರ ನೋಡಿಕೊಂಡರು.

"ಕೌಂಟರ್ ತೆಗೆದು ಇನ್ನೂ ಅರ್ಧ ಗಂಟೆಯಾಗಿಲ್ಲ, ಒಂದು ದೂರೂ ಉಳಿದಿಲ್ಲ" ಎಂದರು. "ಇದನ್ನೂ ಅದೃಷ್ಟ ಅಂತಾರಾ ಅವರು?"

ಪಕ್ಕದಲ್ಲಿದ್ದ ಸ್ಟೋರ್‌ಕೀಪರಿಗೆ ಕಿಟಕಿಯಿಂದ ಅಂಗಳ ಚೆನ್ನಾಗಿ ಕಾಣುತ್ತಿತ್ತು. ಸತ್ಯ ಹೇಳಿದರೆ ಆ ಖಾಲಿ ಕುರ್ಚಿಯಲ್ಲಿ ಮುಂದೆ ಯಾರು ಕೂರಬೇಕಾಗುತ್ತದೆ ಎಂಬುದನ್ನು ಅವರು ಒಂದು ಗಳಿಗೆ ಯೋಚಿಸಿದರು.

"ಎಲ್ಲಿಯ ಅದೃಷ್ಟ ಸಾರ್, ಎಲ್ಲಾ ಕೌಶಲ" ಎಂದು ಹೇಳಿ, ಸಾಹೇಬರಿಗೂ ಕಿಟಕಿಗೂ ನಡುವೆ ಬಂದು ನಿಂತುಕೊಂಡರು.